ಸರೋಜಮ್ಮನ ಒಳಜೇಬಿನ ರವಿಕೆ

ಲಾಕ್‌ಡೌನ್ ಮುಗಿದ ಮರುವರ್ಷ. ಮೈಸೂರಿನ ಆಸ್ಪತ್ರೆಯೊಂದರ ಕ್ಯಾನ್ಸರ್ ವಾರ್ಡಿನಲ್ಲಿ ನಾನು ಹಿರಿಯ ನರ್ಸ್. ಸ್ತನ ತೆಗೆಸಿಕೊಂಡ ಹೆಂಗಸರು ಗಾಯ ಮಾಯ್ದ ಮೇಲೆ ರೇಡಿಯೇಷನ್‌ಗೆ, ಜನರ ಮಾತಿನಲ್ಲಿ ‘ಕರೆಂಟ್ ಕೊಡಿಸೋಕೆ’, ವಾರಗಟ್ಟಲೆ ಬರಬೇಕಿತ್ತು. ಇಲವಾಲದ ರತ್ನಮ್ಮ ನಾಲ್ಕು ದಿನ ಬಂದು ನಿಲ್ಲಿಸಿಬಿಟ್ಟರು. ಹಾಗೆ ಬಿಟ್ಟರೆ ರೋಗ ಮರಳುವ ಭಯ. ಫೋನ್ ಮಾಡಿ ಗದರಿದೆ.

“ಬಸ್ಸಲ್ಲಿ ಎಲ್ರ ಕಣ್ಣೂ ಎದೆ ಮೇಲೇ ಬೀಳುತ್ತೆ ಸಿಸ್ಟರ್. ಸತ್ರೂ ಬರಲ್ಲ,” ಎಂದರು.

ಅಗ್ರಹಾರದ ಟೈಲರ್ ಸರೋಜಮ್ಮನ ಬಳಿ ಹೋದೆ. ಇದೇ ಕಾಯಿಲೆಯಿದ್ದ ಅಕ್ಕನಿಗಾಗಿ ಅವರು ಬಹಳ ಹಿಂದೆಯೇ ಒಂದು ರವಿಕೆ ಹೊಲಿದಿದ್ದರು. ಒಳಗೊಂದು ಜೇಬು, ಜೇಬಿನಲ್ಲಿ ಹತ್ತಿಯ ಪುಟ್ಟ ದಿಂಬು, ತೂಕಕ್ಕೆ ಅದರೊಳಗೆ ಒಂದು ಹಿಡಿ ರಾಗಿ. ನಮ್ಮ ಕಡೆ ಆಗ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಸೆರಗು ಹೊದ್ದು ಮೂಲೆ ಸೇರಿದ್ದ ಎಷ್ಟೋ ಹೆಂಗಸರು ಅದನ್ನು ತೊಟ್ಟು ಮದುವೆಮನೆಗಳಿಗೆ ಹೋದರು. ಇಂದು ಅಂಗಡಿಗಳಲ್ಲೇ ಸಿಗುತ್ತದೆ. ಸರೋಜಮ್ಮ ಯಾರೆಂದು ಕೇಳುವವರಿಲ್ಲ.

ರತ್ನಮ್ಮ ನಮ್ಮ ಹೆಂಗಸರ ರೂಢಿಯಂತೆ ಹಳೆಯ ಅಳತೆ ಬ್ಲೌಸ್ ಕಳಿಸಿದ್ದರು. ಸರೋಜಮ್ಮ ಅದನ್ನು ಬಿಚ್ಚಿಯೂ ನೋಡಲಿಲ್ಲ.

“ಇದು ಹಳೇ ಮೈದು ಕಣ್ರೀ. ಈಗಿನ ಮೈ ನಾನು ನೋಡ್ಬೇಕು. ಕರ್ಕೊಂಡ್ ಬನ್ನಿ.”

ಪುಸಲಾಯಿಸಿ ಆಟೊದಲ್ಲಿ ಕರೆತಂದೆ. ಬಾಗಿಲು ಹಾಕಿಕೊಂಡು ಸರೋಜಮ್ಮ ಟೇಪ್ ಹಿಡಿದರು. ರತ್ನಮ್ಮ ಅತ್ತರು, ಆದರೆ ಮೈ ಮುಚ್ಚಿಕೊಳ್ಳಲಿಲ್ಲ. ನನ್ನ ಕಣ್ಣೆಲ್ಲ ಅವರ ಮೇಲೇ ಇತ್ತು. ಮುಂದಿನ ವಾರ ಹೊಸ ರವಿಕೆ ತೊಟ್ಟು ಬಸ್ಸಿನಲ್ಲೇ ಬಂದರು. ನನಗೆ ಹೋದ ಜೀವ ಬಂದಂತಾಯಿತು.

ಅಂದೇ ಅವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಬೇರೆ. ಅಳತೆ ತೆಗೆಯುವಾಗ ಸರೋಜಮ್ಮನಿಗೆ ಎಡಗೈ ಎತ್ತಲಾಗಲಿಲ್ಲವಂತೆ, ಮತ್ತೆ ಮತ್ತೆ ಕಂಕುಳು ಒತ್ತಿಕೊಳ್ಳುತ್ತಿದ್ದರಂತೆ. ಡ್ಯೂಟಿ ಮುಗಿಸಿ ನೇರ ಅಗ್ರಹಾರಕ್ಕೆ ಓಡಿದೆ. ಗಂಟು ಕೈಗೆ ಸಿಕ್ಕಿತು, ಗಟ್ಟಿಯಾಗಿತ್ತು. ಇಷ್ಟು ಜನರನ್ನು ಕಂಡ ಹೆಂಗಸು ಸುಮ್ಮನಿದ್ದಳಲ್ಲ ಎಂದು ಕೋಪ ಬಂದು ಬೈದುಬಿಟ್ಟೆ.

“ಗೊತ್ತಿತ್ತು ಸಿಸ್ಟರ್. ತೆಗೆಸ್ಕೊಂಡ್ರೆ ನನಗೆ ಹೊಲಿಯೋರು ಯಾರಿದಾರೆ?”

ಸ್ಕ್ಯಾನ್ ಮಾಡಿಸಿದಾಗ ರೋಗ ಮೂಳೆಗೆ ಇಳಿದಿತ್ತು. ಆಪರೇಷನ್‌ನಿಂದ ಪ್ರಯೋಜನವಿಲ್ಲ ಎಂದರು ಡಾಕ್ಟರು. ರತ್ನಮ್ಮ ಚಿಕಿತ್ಸೆ ಮುಗಿಸಿ ಗಟ್ಟಿಮುಟ್ಟಾದರು. ಸರೋಜಮ್ಮ ಮುಂದಿನ ಯುಗಾದಿ ನೋಡಲಿಲ್ಲ.

ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರೆ. ಆ ಕತ್ತಲೆಗೆ ಕೈ ಹಾಕಿ ನೋಡುವುದೂ ನರ್ಸ್ ಕೆಲಸವೇ ಎಂದು ಕಲಿತೆ. ನಿವೃತ್ತಿಯವರೆಗೂ ರೋಗಿಯ ಜೊತೆ ಬಂದ ಅಕ್ಕ, ಅತ್ತಿಗೆ, ಪಕ್ಕದ ಮನೆಯವಳು, ಯಾರನ್ನೂ ಬಿಡಲಿಲ್ಲ. “ನೀವು ತೋರಿಸ್ಕೊಂಡ್ರಾ?” ಎಂದು ಕೇಳುತ್ತಿದ್ದೆ. ಇಲ್ಲ ಎಂದವರನ್ನು ಅಂದೇ ತಪಾಸಣೆಗೆ ಕೂರಿಸುತ್ತಿದ್ದೆ.