ಡ್ಯಾರೆಲ್‌ನ ಆರು ಸಾವಿರ

ಕೊಲ್ಲಿ ದೇಶದಲ್ಲಿ, ವೆಸ್ಟ್ ಬೇಯ ಕಚೇರಿಯೊಂದರ ಗುಮಾಸ್ತ ಫಿಡೆಲಿಸನೂ ಊರ ಹೊರವಲಯದ ಮುಐದರ್‌ನಲ್ಲಿ ಅವನ ಜೊತೆ ಕೋಣೆ ಹಂಚಿಕೊಂಡಿದ್ದ ಡ್ಯಾರೆಲ್‌ನೂ ಕಂಪ್ಯೂಟರ್ ಕೊಂಡದ್ದು ಒಂದೇ ಅಂಗಡಿಯಲ್ಲಿ, ಒಂದೇ ಮಾದರಿಯದು. ಆದರೆ ಪರದೆಯಲ್ಲಿ ಕಾಣುವ ಮೆಮೊರಿಯ ವೇಗ ಡ್ಯಾರೆಲ್‌ನದು ಆರು ಸಾವಿರ, ಫಿಡೆಲಿಸನದು ನಾಲ್ಕು ಸಾವಿರದ ಎಂಟುನೂರು. ಮಲಯಾಳಂ ಬಲ್ಲ ಡ್ಯಾರೆಲ್‌ಗೆ ಮಲಯಾಳಿ ಅಂಗಡಿಯವನು ಒಳ್ಳೆಯ ಮಾಲು ಹಾಕಿಕೊಟ್ಟನೆಂದು ಫಿಡೆಲಿಸನ ಹೊಟ್ಟೆ ಉರಿಯಿತು.

ಡ್ಯಾರೆಲ್ ರಜಾದಿನವಾದ ಶುಕ್ರವಾರ ಚರ್ಚಿನ ಬಲಿಪೂಜೆಗೆ ಹೋದಾಗ, ತಲೆನೋವಿನ ನೆಪ ಹೇಳಿ ಉಳಿದ ಫಿಡೆಲಿಸ್ ಎರಡೂ ಕಂಪ್ಯೂಟರ್ ಬಿಚ್ಚಿ ಮೆಮೊರಿಗಳನ್ನು ಅದಲುಬದಲು ಮಾಡಿದ. ಹಾಳಾದ್ದು, ಎರಡರ ಅಂಕಿಯೂ ಕದಲಲಿಲ್ಲ!

ಡ್ಯಾರೆಲ್ ಬಂದವನೇ ಫಿಡೆಲಿಸನ ಪರದೆ ಇಣುಕಿ ನಕ್ಕ. "ಮೆಮೊರಿ ನಮ್ಮಿಬ್ಬರದೂ ಒಂದೇ ಅಲ್ವಾ, ಮದರ್‌ಬೋರ್ಡ್ ಸೆಟ್ಟಿಂಗಲ್ಲಿ ಸ್ಪೀಡ್ ಆನ್ ಮಾಡ್ಲೇ ಇಲ್ವಾ ಮಾರಾಯ? ಸರಿ, ನಾನು ಮಾಡಿ ಕೊಡ್ತೇನೆ. ಖಲಾಸ್!"

ಈಗ ಫಿಡೆಲಿಸನದೂ ಆರು ಸಾವಿರ. ಆ ಅಂಕಿ ಕಂಡಾಗಲೆಲ್ಲ ಅವನ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯುತ್ತದೆ: ಅದನ್ನು ಕೊಟ್ಟವನೂ ಡ್ಯಾರೆಲ್ಲೇ!