ನೆಂಟರು ಬಂದ್ರು

ಅಜ್ಜ ಹಾರುವ ಹಕ್ಕಿಗಳನ್ನೇ ನಂಬಿ ಬಿರುಗಾಳಿಯಲ್ಲಿ ದೋಣಿಯನ್ನು ದಡ ಸೇರಿಸಿದವನು. ಅಪ್ಪ ಬಲೆಗೆ ಬಿದ್ದ ಡಾಲ್ಫಿನ್ ಬಿಡಿಸಲು ಹೊಸ ಬಲೆಯನ್ನೇ ಕೊಯ್ದವನು. ಆ ವಂಶದ ನಮ್ಮ ದೋಣಿಯಣ್ಣ ಜನರನ್ನು ನಡುಗಡಲಿಗೆ ಕರೆದೊಯ್ದು ಕಡಲಹಕ್ಕಿ, ಡಾಲ್ಫಿನ್ ತೋರಿಸುತ್ತಾನೆ. ಮೊದಲೆಲ್ಲ ಹೆಂಡತಿ ದೋಣಿಯ ಮುಂದೆ ನಿಂತು, ಡಾಲ್ಫಿನ್ ಕಂಡರೆ "ನೆಂಟರು ಬಂದ್ರು!" ಎಂದು ಕೂಗುತ್ತಿದ್ದಳು. ಅವಳು ತೀರಿಕೊಂಡ ಮೇಲೆ, ಡಾಲ್ಫಿನ್ ಕಂಡರೂ ಅವನು ಕೂಗದೆ ಚುಕ್ಕಾಣಿ ತಿರುಗಿಸುತ್ತ ಮುಂದೆ ಸಾಗುತ್ತಾನೆ. ಇವತ್ತೂ ಜನ ಇನ್ನೆಲ್ಲೋ ನೋಡುತ್ತಿದ್ದು, ಏನೂ ಕಾಣದೆ ಗೊಣಗುತ್ತ ಇಳಿದರು.

"ಹೀಗಾದ್ರೆ ಈ ದೋಣಿಗೆ ಕಾಗೇನೂ ಹತ್ತಲ್ಲ. ಅತ್ತಿಗೆ ಜಾಗದಲ್ಲಿ ನಾನು ನಿಂತು ಕೂಗ್ತೀನಣ್ಣ," ಎಂದ ತಮ್ಮ.

"ನಿನ್ನ ದನಿಗೆ ಬಂದ ನೆಂಟರೂ ಬಾಗಿಲಿಂದಲೇ ವಾಪಸ್ ಹೋಗ್ತಾರೆ. ಬೇಡಪ್ಪ, ಆ ಜಾಗ ಹಾಗೇ ಇರಲಿ. ನಾಳೆ ಚುಕ್ಕಾಣಿ ಹತ್ತಿರ ನಿಂತು ನಾನೇ ಕೂಗ್ತೀನಿ."