ಮೇಸ್ತ್ರಿ ಬಚ್ಚಿಟ್ಟ ನೂಲು

ನಮ್ಮ ಮೇಸ್ತ್ರಿಯ ಬೆರಳ ತುದಿಗಳು ಬೆಂದ ರೇಷ್ಮೆ ಗೂಡಿನ ಹಾಗೆ ಬಿಳಚಿಕೊಂಡು ಸುಕ್ಕಾಗಿದ್ದವು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವುದನ್ನು ನನಗೆ ಕಲಿಸಿದವರು ಅವರೇ. ಆ ಬೆರಳುಗಳಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ನಾನು ಸುತ್ತಿಟ್ಟ ನೂಲಿನ ಲಡಿಯನ್ನು ಮಗುಚಿ ಮಗುಚಿ ನೋಡುವರು. "ಮೇಲ್ಗಡೆ ಎಲ್ರೂ ಚೆನ್ನಾಗೇ ಇಟ್ಟಿರ್ತಾರೆ ಕಣಮ್ಮ. ಒಳಗೇನು ಬಚ್ಚಿಟ್ಟಿದ್ದೀಯ, ತೋರ್ಸು." ಹೋಟೆಲಿನ ಟೀಯನ್ನೂ ಮೂಸಿಯೇ ಕುಡಿಯುವರು. ಅವರ ಕೈಕೆಳಗೆ ದುಡಿದ ಇಪ್ಪತ್ತು ವರ್ಷವೂ ನನಗೆ ಅವರ ಮೇಲೆ ಸಿಟ್ಟೇ.

ಕಾರಣ ತಿಳಿದದ್ದು ನನ್ನ ಮೊಮ್ಮಗಳಿಂದ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನನ್ನ ಬಂಗಾರ ಇಂಗ್ಲಿಷನ್ನು ಗಳಗಳ ಓದುತ್ತಾಳೆ! ಹೇಳಿಕೊಂಡರೆ ದೃಷ್ಟಿಯಾಗುತ್ತದಂತೆ, ಆಗಲಿ. ಕಾಲೇಜಿನವರ ಜೊತೆ ಸಿಟಿಗೆ ಹೋಗಿ ಬಂದವಳು, ಎರಡನೇ ಮಹಾಯುದ್ಧದಲ್ಲಿ ತಾವಾಗಿಯೇ ಮುಂದೆ ಬಂದು ಯುದ್ಧವಿಮಾನ ಹಾರಿಸಿ ಸತ್ತವರ ಸ್ಮಾರಕ ನೋಡಿದೆ ಎಂದಳು. ಆವತ್ತು ನಮ್ಮ ಮನೆಗೆ ಬಂದು ಕೂತಿದ್ದ, ತೊಂಬತ್ತು ದಾಟಿದ್ದ ಮೇಸ್ತ್ರಿಯ ಮುಖ ಸಪ್ಪಗಾಯಿತು.

"ಆಗ ನಮ್ಮ ನೂಲು ಪ್ಯಾರಾಚೂಟಿಗೆ ಹೋಗ್ತಿತ್ತಮ್ಮ. ಒಂದ್ಸಲ ಕೆಟ್ಟ ನೂಲನ್ನ ಲಡಿಯೊಳಗೆ ಬಚ್ಚಿಟ್ಟು ಕಳಿಸ್ಬಿಟ್ಟೆ. ಅದು ಯಾರ ತಲೆ ಮೇಲೆ ಹರೀತೋ! ನನ್ನ ಅಲ್ಲಿಗೆ ಕರ್ಕೊಂಡೋಗು."

ಕರೆದುಕೊಂಡು ಹೋದೆವು. ಕಲ್ಲಿನ ಮೇಲಿದ್ದ ಒಂದೊಂದು ಹೆಸರನ್ನೂ ಮೊಮ್ಮಗಳು ಓದಿದಳು.

"ಇವ್ನು ಹೆಂಗೆ ಸತ್ತ?"

"ಬರ್ದಿಲ್ಲ ತಾತ."

"ಯಾಕ್ ಬರ್ದಿಲ್ಲ? ಏನೋ ಮುಚ್ಚಿಡ್ತಾವ್ರೆ."

ಹೂವಿಡಲು ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು ನಕ್ಕರು. "ನಮ್ಮಪ್ಪನೂ ಇವರ ಜೊತೆ ವಿಮಾನ ಹಾರಿಸಿದೋರು. ವಿಮಾನಕ್ಕೆ ಬೆಂಕಿ ಬಿದ್ದು ಕೆಳಕ್ಕೆ ಹಾರಿಕೊಂಡ್ರಂತೆ."

"ಪ್ಯಾರಾಚೂಟು ಬಿಚ್ಕೊಂತಾ ತಾಯಿ?"

"ಬಿಚ್ಕೊಳ್ತು. ಆಮೇಲೇ ಅಲ್ವಾ ನಾನು ಹುಟ್ಟಿದ್ದು!"

ಮೇಸ್ತ್ರಿ ತಲೆಯಾಡಿಸಿದರು. "ಅದ್ಯಾರ ನೂಲೋ. ನಂದಲ್ಲ ಬಿಡಿ."

ನನ್ನ ಮೊಮ್ಮಗಳು ಸುಮ್ಮನಿರಲಿಲ್ಲ. "ಅಲ್ಲ ತಾತ, ಸತ್ತೋರದ್ದು ಮಾತ್ರ ನಿಮ್ಮ ನೂಲು, ಬದುಕಿದೋರದ್ದು ಬೇರೆಯೋರದ್ದಾ? ಇದ್ಯಾವ ನ್ಯಾಯ?"

ನನಗೆ ಅಲ್ಲೇ ಅವಳ ಕೆನ್ನೆ ಸವರಿ ನೆಟಿಕೆ ಮುರಿಯಬೇಕೆನಿಸಿತು.

ಆ ಕಾರ್ತಿಕದಲ್ಲಿ ಮೇಸ್ತ್ರಿ ಹಾಸಿಗೆ ಹಿಡಿದರು. ನೋಡಲು ಹೋದಾಗ ನನ್ನನ್ನು ಹತ್ತಿರ ಕರೆದರು.

"ಹೂವಿಡೋಕೆ ಬಂದಿದ್ದ ಆಯಮ್ಮ ದಿಟ ಹೇಳಿದ್ಳಾ?"

"ದಿಟ ಮೇಸ್ತ್ರಿ."

ಇನ್ನೂ ನಾಲ್ಕು ಸಲ ಕೆದಕುತ್ತಾರೆಂದು ಕಾದೆ. "ಹಂಗಾದ್ರೆ ಸರಿ ಕಣಮ್ಮ" ಎಂದು ಮಗ್ಗುಲಾದರು. ಮಾರನೆಯ ಮಧ್ಯಾಹ್ನ ತೀರಿಕೊಂಡರು. ಅವರು ನನ್ನನ್ನು ಪರೀಕ್ಷೆ ಮಾಡದೆ ನಂಬಿದ್ದು ಅದೊಂದೇ ಸಲ.